ಮಾತ್ರೆ ಕೊಟ್ಟರೂ ಮಗುವಿಗೆ ಫಿಟ್ಸ್ ನಿಲ್ತಿಲ್ವಾ? ಕಾರಣ ಇಲ್ಲಿದೆ

ಸಿಂಗಟಗೆರೆ: ಮಿದುಳಿಗೂ ಬೈಕಿನಂತೆ ಆಕ್ಸಿಲರೇಟರ್, ಬ್ರೇಕ್ ಇವೆ. ನರಕೋಶವನ್ನು ಕೆರಳಿಸೋದು ಗ್ಲುಟಮೇಟ್, ತಣ್ಣಗಾಗಿಸೋದು ಗಾಬಾ. ಇವನ್ನು ಹಿಡಿದುಕೊಳ್ಳುವ, ಕೋಶದ ಮೇಲಿನ ಬಾಗಿಲುಗಳೇ ರಿಸೆಪ್ಟರ್‌ಗಳು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಜೀನ್ ದೋಷದಿಂದ ಗಾಬಾ ರಿಸೆಪ್ಟರ್ ಸರಿಯಾಗಿ ಕೆಲಸ ಮಾಡಲ್ಲ. ಅಂಥವರಿಗೆ ಮಾತ್ರೆ ಹಿಡಿಯೋದು ಕಷ್ಟ.

ಫಿಟ್ಸ್ ನಿಲ್ಲದೆ ಮುಂದುವರಿದರೂ ಈ ರಿಸೆಪ್ಟರ್‌ಗಳು ಕೋಶದೊಳಗೆ ಸರಿದುಬಿಡುತ್ತವೆ, ಇಂಜೆಕ್ಷನ್ನಿನ ಬಲ ಕುಗ್ಗುತ್ತೆ. ಹಾಗಾಗಿ 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಮಗುವನ್ನು ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ ಕೊಡ್ತಾ ಕೂರಬೇಡಿ.

ಸರಿಯಾದ ಎರಡು ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ನಿಲ್ಲದಿದ್ದರೆ, ವೈದ್ಯರು ಅದನ್ನು ಔಷಧಿಗೆ ಬಗ್ಗದ ಮೂರ್ಛೆರೋಗ ಅಂತಾರೆ. ಆಗ ಮಾತ್ರೆ ಬಿಡಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿ. ಆಪರೇಷನ್, ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರದಂಥ ದಾರಿಗಳು ಇನ್ನೂ ಇವೆ.