ಗಜೇಂದ್ರಗಡ ಸೀಮೆಯ ಸೀರೆಗಳ ವಿನ್ಯಾಸ ಸಾಮ್ಯ

ಗದಗ ಜಿಲ್ಲೆಯ ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲೂಕುಗಳಲ್ಲಿ ಮಹಿಳೆಯರು ಪಾರಂಪರಿಕವಾಗಿ ಉಡುವ ಕೈಮಗ್ಗದ ಸೀರೆಗಳು ಮತ್ತು ಅವುಗಳೊಡನೆ ತೊಡುವ ಖಣದ ಕುಪ್ಪಸಗಳ ನಡುವೆ ಬಣ್ಣ, ಅಂಚು, ಸೆರಗುಗಳಲ್ಲಿ ಕಂಡುಬರುವ ಹೋಲಿಕೆಯನ್ನು ಈ ಲೇಖನವು ವಿವರಿಸುತ್ತದೆ. ಈ ಸೀಮೆಯ ನೇಯ್ಗೆಯು ಬಾಗಲಕೋಟೆ ಜಿಲ್ಲೆಯ ಇಳಕಲ್ ಮತ್ತು ಗುಳೇದಗುಡ್ಡ ಕೇಂದ್ರಗಳ ನೇಯ್ಗೆಯೊಂದಿಗೆ ನಿಕಟ ಸಂಬಂಧ ಹೊಂದಿದೆ. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಸೀರೆಗಳಲ್ಲಿ ಯಾವುದು ಪರಂಪರೆಯ ಮುಂದುವರಿಕೆ, ಯಾವುದು ಅನುಕರಣೆ ಎಂಬ ಪ್ರಶ್ನೆಯು ನೇಕಾರರ ಜೀವನೋಪಾಯಕ್ಕೆ ಸಂಬಂಧಿಸಿರುವುದರಿಂದ ಈ ವಿಷಯಕ್ಕೆ ಮಹತ್ವ ಬಂದಿದೆ.

ಹಿನ್ನೆಲೆ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಗದಗ ಜಿಲ್ಲೆಯು ರಚನೆಯಾಯಿತು. ಗಜೇಂದ್ರಗಡವು ಬಹುಕಾಲ ರೋಣ ತಾಲೂಕಿನ ಭಾಗವಾಗಿದ್ದು, ಅನಂತರ ಪ್ರತ್ಯೇಕ ತಾಲೂಕು ಕೇಂದ್ರವಾಯಿತು. ಇಲ್ಲಿನ ಎರೆಭೂಮಿಯು ಜೋಳ ಮತ್ತು ಹತ್ತಿಗೆ ಹೆಸರಾದುದು. ಹತ್ತಿ ಬೆಳೆಯುವ ನೆಲ, ಕೋಟೆಯ ಬುಡದಲ್ಲಿ ಬೆಳೆದ ಪೇಟೆ ಹಾಗೂ ದೇವಾಂಗ, ಪದ್ಮಸಾಲಿ, ಕುರುಹಿನಶೆಟ್ಟಿ, ಹಟಗಾರ ಮೊದಲಾದ ನೇಕಾರ ಸಮುದಾಯಗಳು ಒಂದೆಡೆ ಸೇರಿದ್ದರಿಂದ ಈ ಭಾಗದಲ್ಲಿ ಕೈಮಗ್ಗದ ಉದ್ಯೋಗವು ನೆಲೆಯೂರಿತು. ವಚನಕಾರ ದೇವರ ದಾಸಿಮಯ್ಯನನ್ನು ಅನೇಕ ನೇಕಾರ ಕುಟುಂಬಗಳು ತಮ್ಮ ಕುಲಗುರುವೆಂದು ಗೌರವಿಸುತ್ತವೆ.

ಮುಖ್ಯ ಬಗೆಗಳು

ಪಟ್ಟೇದ ಅಂಚು: ಗಜೇಂದ್ರಗಡದ ಹೆಸರಿನೊಂದಿಗೆ ಬೆಸೆದುಕೊಂಡಿರುವ ಸೀರೆ ಇದು. ದಪ್ಪ ಹತ್ತಿ ನೂಲಿನ ಮೈ, ಚೌಕಳಿ ಅಥವಾ ಸಾದಾ ಹಾಸು, ಎದ್ದು ಕಾಣುವ ಬೇರೆ ಬಣ್ಣದ ಅಂಚು ಇದರ ಲಕ್ಷಣಗಳು. ಎರಡೂ ಮಗ್ಗುಲಿನಿಂದ ಉಡಬಹುದಾದ್ದರಿಂದ ಹೊಲಮನೆಯ ದುಡಿಮೆಗೆ ಇದು ಒಗ್ಗಿತು. ಸವದತ್ತಿ ಯಲ್ಲಮ್ಮನ ಭಕ್ತಿ ಸಂಪ್ರದಾಯದೊಂದಿಗೂ ಈ ಸೀರೆಗೆ ನಂಟಿದೆ. ಬಹುತೇಕ ಮರೆಯಾಗಿದ್ದ ಈ ನೇಯ್ಗೆಗೆ ಇಪ್ಪತ್ತೊಂದನೆಯ ಶತಮಾನದಲ್ಲಿ ಮತ್ತೆ ಜೀವ ಕೊಡುವ ಪ್ರಯತ್ನಗಳು ನಡೆದಿವೆ.

ಇಳಕಲ್ ಸೀರೆ: ಹತ್ತಿಯ ಮೈ, ರೇಷ್ಮೆ ಅಥವಾ ಕೃತಕ ರೇಷ್ಮೆಯ ಅಂಚು, ಕೆಂಪು ನೆಲದ ಮೇಲೆ ಬಿಳಿಯ ವಿನ್ಯಾಸವಿರುವ ‘ಟೋಪ ತೆನೆ’ ಸೆರಗು ಇದರ ಗುರುತುಗಳು. ಸೆರಗಿನಲ್ಲಿ ಜೋಳದ ತೆನೆ, ಹಣಿಗೆ, ಕೋಟೆಯ ತೆನೆ ಮುಂತಾದ ಆಕೃತಿಗಳು ಮೂಡುತ್ತವೆ. ಅಂಚಿಗೆ ಈ ಭಾಗದಲ್ಲಿ ‘ದಡಿ’ ಎನ್ನುತ್ತಾರೆ. ಚಿಕ್ಕಿ ದಡಿ, ಗೋಮಿ ದಡಿ, ಗಾಡಿ ದಡಿ ಎಂಬವು ಪರಿಚಿತ ಬಗೆಗಳು.

ಗುಳೇದಗುಡ್ಡ ಖಣ: ಕುಪ್ಪಸಕ್ಕೆಂದೇ ನೇಯುವ ಅರಿವೆ. ತೇರು, ಆನೆಯ ಹೆಜ್ಜೆ ಮೊದಲಾದ ಚಿಕ್ಕ ಆಕೃತಿಗಳು ಬಟ್ಟೆಯ ಉದ್ದಕ್ಕೂ ಪುನರಾವರ್ತನೆಯಾಗುತ್ತವೆ. ಉಡಿ ತುಂಬುವ ಶಾಸ್ತ್ರದಲ್ಲಿ ಖಣಕ್ಕೆ ಖಾಯಂ ಸ್ಥಾನವಿದೆ.

ಉಡುಗೆಯ ಆಯ್ಕೆ

ಈ ಸೀಮೆಯಲ್ಲಿ ಸೀರೆಯ ಆಯ್ಕೆಯು ಕೇವಲ ಅಭಿರುಚಿಯನ್ನು ಅವಲಂಬಿಸಿದ್ದಲ್ಲ. ಸಂದರ್ಭ, ಕೆಲಸ ಮತ್ತು ಕುಟುಂಬದ ಶಕ್ತಿ ಮೂರೂ ಅದನ್ನು ನಿರ್ಧರಿಸುತ್ತಿದ್ದವು. ಕಳೆ ತೆಗೆಯುವ, ಹತ್ತಿ ಬಿಡಿಸುವ ಕೆಲಸಕ್ಕೆ ಕಚ್ಚೆ ಹಾಕಿ ಉಡಲು ಬರುವ, ತೊಳೆದಷ್ಟೂ ಮೆತ್ತಗಾಗುವ ಹತ್ತಿಯ ಸೀರೆಯೇ ಬೇಕು. ಮದುವೆಗೆ ಗಿರಿ ಕುಂಕುಮ ಬಣ್ಣದ ಸೀರೆ, ಚೊಚ್ಚಲ ಬಸುರಿಯ ಕುಬುಸದ ಕಾರ್ಯಕ್ಕೆ ಹಸಿರು ಸೀರೆ, ಹಸಿರು ಖಣ ಮತ್ತು ಹಸಿರು ಬಳೆ ಸಲ್ಲುತ್ತವೆ. ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಗೋಪುರ, ತೇರು, ಪಲ್ಲಕ್ಕಿ, ಆನೆ ಇತ್ಯಾದಿ ಚಿತ್ರಗಳನ್ನು ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಬಿಡಿಸಲಾಗುತ್ತದೆ. ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳಲ್ಲಿ ಹೊಲಕ್ಕೆ ಚರಗ ಚೆಲ್ಲಲು ಹೋಗುವ ಹೆಣ್ಣುಮಕ್ಕಳ ಮೈಮೇಲೆ ಇಳಕಲ್ ಸೀರೆ, ಖಣದ ಕುಪ್ಪಸಗಳನ್ನು ಇಂದಿಗೂ ಕಾಣಬಹುದು.

ಸಾಮ್ಯಕ್ಕೆ ಕಾರಣಗಳು

ಈ ಸೀರೆಗಳು ಒಂದನ್ನೊಂದು ಹೋಲುವುದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಮಗ್ಗ. ಹಾಸಿನ ನೂಲು ನೇರವಾಗಿಯೂ ಹೊಕ್ಕಿನ ನೂಲು ಅಡ್ಡವಾಗಿಯೂ ಸಾಗುವುದರಿಂದ ಗೆರೆ, ಚೌಕಳಿ, ಮೆಟ್ಟಿಲಿನಂತಹ ತ್ರಿಕೋನಗಳು ಸುಲಭವಾಗಿ ಮೂಡುತ್ತವೆ. ಬಾಗುಗೆರೆಗಳಿಗೆ ಹೆಚ್ಚಿನ ಶ್ರಮ ಬೇಕು. ತೆನೆ, ಕೋಟೆ, ಹಣಿಗೆಗಳು ಕೋನಾಕೃತಿಯಲ್ಲಿಯೇ ಕಾಣುವುದಕ್ಕೆ ಇದು ಕಾರಣ.

ಎರಡನೆಯದು ನೆರೆಹೊರೆಯ ಬದುಕು. ನೇಕಾರ ಕುಟುಂಬಗಳ ನಡುವಿನ ಮದುವೆ ಸಂಬಂಧ, ವಾರದ ಸಂತೆ, ಒಂದೇ ವ್ಯಾಪಾರಿ ಹಲವು ಊರುಗಳಿಗೆ ನೂಲು ಕೊಟ್ಟು ಸೀರೆ ಪಡೆಯುವ ಪದ್ಧತಿ ಇವುಗಳ ಮೂಲಕ ವಿನ್ಯಾಸಗಳು ಊರಿಂದೂರಿಗೆ ಸಾಗಿದವು.

ಮೂರನೆಯದು ಉಡುವವರ ನಿರೀಕ್ಷೆ. ಕುಬುಸಕ್ಕೆ ಹಸಿರೇ ಬೇಕೆಂದಾಗ, ಸೆರಗು ಕೆಂಪಾಗಿಯೇ ಇರಬೇಕೆಂದಾಗ ನೇಕಾರನಿಗೆ ಉಳಿಯುವ ಸ್ವಾತಂತ್ರ್ಯ ಕಿರಿದು. ಅಂತಹ ಚೌಕಟ್ಟಿನೊಳಗೆ ದಡಿಯ ಅಗಲ, ಬಣ್ಣಗಳ ಜೋಡಣೆ, ಚೌಕಳಿಯ ಅಳತೆಗಳಲ್ಲಿ ಆತ ತನ್ನ ಕೈಚಳಕ ತೋರುತ್ತಾನೆ.

ಇಂತಹ ಸಾಮ್ಯವು ಈ ಸೀಮೆಗಷ್ಟೇ ಸೀಮಿತವಾದುದಲ್ಲ. ಮಹಿಳೆಯರ ಫಿಗರ್ ಸ್ಕೇಟಿಂಗ್ ಕ್ರೀಡೆಯಲ್ಲಿಯೂ ನಿಯಮ, ಚಲನೆ ಮತ್ತು ಸಂಗೀತಗಳು ಉಡುಪನ್ನು ಒಂದೇ ಅಚ್ಚಿಗೆ ತರುತ್ತವೆ. 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ಕ್ಯಾಟರೀನಾ ವಿಟ್ ಮತ್ತು ಅಮೆರಿಕದ ಡೆಬಿ ಥಾಮಸ್ ಇಬ್ಬರೂ ಬಿಜೆಯ ‘ಕಾರ್ಮೆನ್’ ಸಂಗೀತವನ್ನೇ ಆರಿಸಿಕೊಂಡಿದ್ದರು. ಆ ಸಂಗೀತಕ್ಕೆ ಕೆಂಪು, ಕಪ್ಪು ಬಣ್ಣಗಳ ಉಡುಪು ತೊಡುವುದು ಸ್ಕೇಟಿಂಗ್‌ನಲ್ಲಿ ರೂಢಿಯಾಗಿದೆ. ಅದೇ ವರ್ಷ ವಿಟ್ ತೊಟ್ಟ ಗರಿಯ ಉಡುಪು ಚರ್ಚೆಗೆ ಗುರಿಯಾಗಿ, ಮಹಿಳೆಯರಿಗೆ ಲಂಗವನ್ನು ಕಡ್ಡಾಯಗೊಳಿಸುವ ನಿಯಮ ಬಂದಿತು. 2004ರಲ್ಲಿ ಆ ನಿರ್ಬಂಧ ತೆರವಾಯಿತು. ಹೋಲಿಕೆ ಕಂಡೊಡನೆ ಅದನ್ನು ನಕಲು ಎನ್ನಲಾಗದು ಎಂಬುದಕ್ಕೆ ಈ ನಿದರ್ಶನವೂ ಸಾಕ್ಷಿ.

ಸೆರಗಿನ ಜೋಡಣೆ ಮತ್ತು ಅನುಕರಣೆಯ ಗುರುತು

ಇಳಕಲ್ ನೇಯ್ಗೆಯಲ್ಲಿ ಮೈಯ ಹಾಸು ಮತ್ತು ಸೆರಗಿನ ಹಾಸು ಬೇರೆ ಬೇರೆಯಾಗಿರುತ್ತವೆ. ಮೈಯ ಒಂದೊಂದು ಎಳೆಯನ್ನೂ ಸೆರಗಿನ ಎಳೆಯೊಂದಿಗೆ ಕುಣಿಕೆಯಂತೆ ಕೂಡಿಸಲಾಗುತ್ತದೆ. ಇದಕ್ಕೆ ‘ಕೊಂಡಿ’ ಎಂದು ಹೆಸರು. ಇದರಿಂದ ಮೈ ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದಾಗಿರಲು ಸಾಧ್ಯವಾಗುತ್ತದೆ. ಒಂದು ಹಾಸಿನಲ್ಲಿ ಅನೇಕ ಸೀರೆಗಳನ್ನು ಬಿಡುವಿಲ್ಲದೆ ನೇಯಲು ಈ ವಿಧಾನದಲ್ಲಿ ಆಗದು; ಪ್ರತಿ ಸೀರೆಗೂ ಕೊಂಡಿ ಹಾಕುವ ಕೆಲಸ ಇದ್ದೇ ಇರುತ್ತದೆ. ಈ ಕೆಲಸದಲ್ಲಿ ಮನೆಯ ಹೆಂಗಸರ ದುಡಿಮೆ ದೊಡ್ಡದು.

ವಿದ್ಯುತ್ ಮಗ್ಗದಲ್ಲಿ ಹಾಸು ಉದ್ದಕ್ಕೆ ಒಂದೇ ಆಗಿರುತ್ತದೆ. ಆದ್ದರಿಂದ ಸೆರಗಿನ ಕೆಂಪು ಬಣ್ಣವನ್ನು ಹೊಕ್ಕಿನಿಂದ ಮಾತ್ರ ತರಬೇಕಾಗುತ್ತದೆ. ಮೈ ಹಸಿರಾಗಿದ್ದರೆ ಸೆರಗಿನಲ್ಲಿಯೂ ಹಸಿರು ಎಳೆಗಳು ಉಳಿದು, ಕೆಂಪು ಮಸುಕಾಗಿ ಕಾಣುತ್ತದೆ. ಕೊಳ್ಳುವವರು ಮೈ ಮತ್ತು ಸೆರಗು ಕೂಡುವ ಸ್ಥಳವನ್ನು ತಿರುಗಿಸಿ ನೋಡಿದರೆ ಸಾಲಾಗಿರುವ ಕೊಂಡಿಗಳನ್ನು ಬೆರಳಿನಿಂದಲೇ ಗುರುತಿಸಬಹುದು. ಕೊಂಡಿಯಿಲ್ಲದೆ ಸೆರಗಿನಲ್ಲಿ ಮೈಯ ಬಣ್ಣವೇ ಇಣುಕುತ್ತಿದ್ದರೆ ಅದು ಪಾರಂಪರಿಕ ವಿಧಾನದ ಸೀರೆಯಲ್ಲ.

ಕಾನೂನು ರಕ್ಷಣೆ

ಇಳಕಲ್ ಸೀರೆ, ಗುಳೇದಗುಡ್ಡ ಖಣ ಮತ್ತು ಕಸೂತಿ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಈ ಮಾನ್ಯತೆಗೆ ಆಧಾರವಾದ ಕಾಯ್ದೆ 1999ರಲ್ಲಿ ಅಂಗೀಕಾರಗೊಂಡು 2003ರಲ್ಲಿ ಜಾರಿಗೆ ಬಂದಿತು. ಇದು ಹೆಸರನ್ನು ಕಾಪಾಡುತ್ತದೆ. ಆದರೆ ಅದೇ ಬಗೆಯ ಸೀರೆಯನ್ನು ಬೇರೆ ಹೆಸರಿನಲ್ಲಿ ಮಾರಿದರೆ ಕಾಯ್ದೆಯ ಹಿಡಿತ ಸಡಿಲವಾಗುತ್ತದೆ. 2000ದ ವಿನ್ಯಾಸ ಕಾಯ್ದೆಯು ಹೊಸ ವಿನ್ಯಾಸಗಳಿಗೆ ಹೆಚ್ಚೆಂದರೆ 15 ವರ್ಷಗಳ ರಕ್ಷಣೆ ಕೊಡುತ್ತದೆ. ತಲೆಮಾರುಗಳಿಂದ ಬಂದ ತೆನೆ, ಚಿಕ್ಕಿಗಳು ಹೊಸವಲ್ಲವಾದ್ದರಿಂದ ಅದರ ವ್ಯಾಪ್ತಿಗೆ ಬರುವುದಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟ 1985ರ ಕಾಯ್ದೆ ಹಾಗೂ 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ.

ಇಂದಿನ ಸ್ಥಿತಿ

ವಿದ್ಯುತ್ ಮಗ್ಗದ ಸೀರೆ ಅಗ್ಗ. ದಿನಗೂಲಿಯ ಕುಟುಂಬವೊಂದು ಅದನ್ನು ಕೊಳ್ಳುವುದು ಸಹಜ. ಸಮಸ್ಯೆ ಉಂಟಾಗುವುದು ಅದನ್ನು ಕೈಮಗ್ಗದ್ದೆಂದು ಹೇಳಿ ಕೈಮಗ್ಗದ ಬೆಲೆಗೆ ಮಾರಿದಾಗ. ಆಗ ಕೊಳ್ಳುವವರಿಗೂ ನೇಯುವವರಿಗೂ ನಷ್ಟವಾಗುತ್ತದೆ. ಮಗ್ಗದಿಂದ ಬರುವ ಕೂಲಿ ಸಾಲದೆ ನೇಕಾರರ ಮಕ್ಕಳು ಬೇರೆ ಉದ್ಯೋಗಗಳತ್ತ ಹೊರಳುತ್ತಿದ್ದಾರೆ. ಆಕೃತಿಗಳನ್ನು ಚಿತ್ರದಲ್ಲಿ ಉಳಿಸಿಕೊಳ್ಳಬಹುದು. ಕೊಂಡಿ ಹಾಕುವ ಕೌಶಲವಾದರೋ ಕೈಯಿಂದ ಕೈಗೆ ಮಾತ್ರ ದಾಟುತ್ತದೆ. ಪಟ್ಟೇದ ಅಂಚಿನಂತಹ ಸೀರೆಗಳಿಗೆ ನಗರಗಳಲ್ಲಿ ಹೊಸ ಬೇಡಿಕೆ ಹುಟ್ಟಿರುವುದು ಕೆಲವು ಮಗ್ಗಗಳಿಗೆ ಕೆಲಸ ತಂದಿದೆ.