ಹೆಬ್ಬೆಟ್ಟು ಸೋರಿದರೆ ಹೊಣೆ ಯಾರದು?

ನಂಜನಗೂಡನ್ನು ದಾಟಿ ಬರುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ಎರಡೂ ಊರುಗಳಲ್ಲಿ ನೋಂದಣಿಯಾಗುವ ಜಮೀನು, ಮನೆಗಳ ಪತ್ರಗಳು ಸೇರುವುದೂ 'ಕಾವೇರಿ'ಯನ್ನೇ. ಇದು ನದಿಯಲ್ಲ, ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆ.

2023ರಲ್ಲಿ ರಾಜ್ಯದ ಹಲವರ ಖಾತೆಯಿಂದ ಹಣ ಸದ್ದಿಲ್ಲದೆ ಮಾಯವಾಯಿತು. ಒಟಿಪಿ ಬಂದಿರಲಿಲ್ಲ, ಎಟಿಎಂ ಕಾರ್ಡ್ ಬೀರುವಿನಲ್ಲೇ ಇತ್ತು. ಕಾವೇರಿಯಲ್ಲಿದ್ದ ಕ್ರಯಪತ್ರಗಳಿಂದ ಕಳ್ಳರು ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ತೆಗೆದಿದ್ದಾರೆಂದು ಪೊಲೀಸ್ ತನಿಖೆ ಹೇಳಿತು.

ಕಳ್ಳರು ಬೀಗ ಒಡೆಯಬೇಕಾಗಿಯೇ ಇರಲಿಲ್ಲ. ಪತ್ರಕ್ಕೆ ಫೋಟೋ, ಬೆರಳಚ್ಚು ಹಾಕಲೇಬೇಕೆಂದು 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ 32ಎ ಕಲಮು ಹೇಳುತ್ತದೆ. ಶುಲ್ಕ ಕಟ್ಟಿದ ಯಾರಿಗೇ ಆಗಲಿ ಆಸ್ತಿ ಪತ್ರದ ನಕಲು ಕೊಡಬೇಕೆಂದು ಅದೇ ಕಾಯ್ದೆಯ 57ನೇ ಕಲಮು ಹೇಳುತ್ತದೆ. ಜಮೀನು ಕೊಳ್ಳುವವನು ಮೋಸ ಹೋಗದಿರಲೆಂದು ಮಾಡಿದ ಒಳ್ಳೆಯ ನಿಯಮಗಳೇ ಇವು. ನಕಲು ಹಳ್ಳಿಯ ಪೆಟ್ಟಿಗೆಯಲ್ಲಿದ್ದಾಗ ತೊಂದರೆಯಿರಲಿಲ್ಲ. ಅದು ಕಂಪ್ಯೂಟರಿಗೆ ಬಂದಾಗ ಕಾಯುವವರು ಎಚ್ಚರವಾಗಿರಬೇಕಿತ್ತು.

ಆಧಾರ್ ಆಧಾರಿತ ಪಾವತಿಗೆ ಬೇಕಾದುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು, ಇಷ್ಟೇ. ಬೆರಳಿನ ಚರ್ಮದ ಏರುತಗ್ಗುಗಳನ್ನು ಯಂತ್ರ ಓದುತ್ತದೆ. ಅದೇ ಏರುತಗ್ಗುಗಳನ್ನು ರಬ್ಬರಿನಂಥ ವಸ್ತುವಿನ ಮೇಲೆ ಮೂಡಿಸಿದರೆ ಕೆಲವು ಯಂತ್ರಗಳು ಮೋಸ ಹೋಗುತ್ತವೆ. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲು ಬರುವುದಿಲ್ಲ. ವಿದ್ಯಾರ್ಥಿವೇತನಕ್ಕೆಂದು ಆಧಾರ್ ಜೋಡಿಸಿದ ಮಕ್ಕಳ ಖಾತೆಗೂ ಈ ಅಪಾಯ ತಪ್ಪಿದ್ದಲ್ಲ. ಎಂಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ 'ಲಾಕ್' ಮಾಡಿ, ಬೇಕಾದಾಗ ಮಾತ್ರ ತೆರೆಯಬಹುದು.

ಹಣ ಹೋದುದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಗ್ರಾಹಕನ ತಪ್ಪಿಲ್ಲದೆ ಮೂರನೆಯವರಿಂದ ಆದ ಸೋರಿಕೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನದಲ್ಲ ಎಂಬುದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ನಿಯಮ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಸೇವೆಯಲ್ಲಿ ಕೊರತೆಯೆಂದು ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಎರಡು ವರ್ಷದೊಳಗೆ ದೂರು ಕೊಡಬಹುದು.

ಇದೆಲ್ಲ ಬ್ಯಾಂಕಿನಿಂದ ಹಣ ಹಿಂಪಡೆಯುವ ಮಾತು. ಬೆರಳಚ್ಚನ್ನು ಕಾಯದ ಸರ್ಕಾರಿ ಕಚೇರಿ ಪರಿಹಾರ ಕೊಡಬೇಡವೇ?

ಇಲ್ಲಿ ಕಾನೂನು ನುಣುಚಿಕೊಳ್ಳುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು, ಮಾಹಿತಿ ಕಾಯುವಲ್ಲಿ ಅಸಡ್ಡೆ ತೋರಿದವರು ಪರಿಹಾರ ಕೊಡಬೇಕೆನ್ನುತ್ತದೆ. ಆದರೆ ಅದು ಹೇಳುವುದು ಕಂಪನಿ, ಸಂಸ್ಥೆಗಳಂಥ ವ್ಯಾಪಾರಿಗಳನ್ನು. ಸರ್ಕಾರಿ ಇಲಾಖೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 250 ಕೋಟಿ ರೂಪಾಯಿವರೆಗೆ ದಂಡದ ಮಾತಾಡುತ್ತದೆ. ಓದಿದವರಿಗೆ ಸಮಾಧಾನವಾಗಬೇಕು, ಆದರೆ ಆ ದಂಡ ಹೋಗುವುದು ಸರ್ಕಾರದ ಖಜಾನೆಗೆ. ಕಳೆದುಕೊಂಡವನಿಗೆ ಪರಿಹಾರ ಕೊಡಿಸುವ ಕಲಮು ಅದರಲ್ಲಿಲ್ಲ.

ಉಳಿದಿರುವ ದಾರಿ ಹೈಕೋರ್ಟಿನದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತರು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮೂಲಭೂತ ಹಕ್ಕಿಗೆ ಸರ್ಕಾರದಿಂದ ಚ್ಯುತಿಯಾದರೆ ನ್ಯಾಯಾಲಯವೇ ಪರಿಹಾರ ಕೊಡಿಸಬಹುದೆಂದು 1993ರಲ್ಲಿ, ಪೊಲೀಸ್ ವಶದಲ್ಲಿ ಸತ್ತ ಯುವಕನ ತಾಯಿ ನೀಲಬತಿ ಬೆಹೆರಾ ಅವರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತ್ತು. ಈ ಎರಡನ್ನೂ ಜೋಡಿಸಿ, ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು.

ವಾದದಲ್ಲಿ ಕಷ್ಟದ ಭಾಗ, ಸೋರಿದ್ದು ಆ ಕಚೇರಿಯಿಂದಲೇ ಎಂದು ತೋರಿಸುವುದು. ಅದಕ್ಕೆ ಪಾಸ್‌ಬುಕ್ಕಿನ ನಮೂದು, ಮೊಬೈಲಿಗೆ ಬಂದ ಸಂದೇಶ, ಪೊಲೀಸ್ ದೂರಿನ ಪ್ರತಿ, ಕ್ರಯಪತ್ರದ ನಕಲು ಎಲ್ಲವನ್ನೂ ಜೋಪಾನ ಮಾಡಿರಬೇಕು. ತಮ್ಮ ಪತ್ರದ ನಕಲನ್ನು ಯಾವ ಯಾವ ದಿನ ಎಷ್ಟು ಬಾರಿ ತೆಗೆಯಲಾಗಿದೆ ಎಂದು ಮಾಹಿತಿ ಹಕ್ಕಿನಡಿ ಇಲಾಖೆಯನ್ನೇ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ. ಉತ್ತರಕ್ಕೆ ಗಡುವು 30 ದಿನ.