ಬಾಲ್ಕನಿ ಕೊಂಡೆ, ಸೂರ್ಯ ಆ ಕಡೆ ಹುಟ್ಟಿದ!

ಥಿಯೇಟರಿನಲ್ಲಿ ಬಾಲ್ಕನಿ ಟಿಕೆಟ್ ಕೊಂಡರೆ ಸಿನಿಮಾ ಚೆನ್ನಾಗಿ ಕಾಣುತ್ತದೆ. ಗಾಂಧಿ ಕ್ಲಾಸಿನ ಮೊದಲ ಸಾಲಿನಲ್ಲಿ ಕೂತರೆ ಕತ್ತು ನೋಯುತ್ತದೆ. ದುಡ್ಡು ಜಾಸ್ತಿಯಾದಷ್ಟೂ ಸುಖ ಜಾಸ್ತಿ. ಈ ಲೆಕ್ಕ ನಿಮಗೂ ಗೊತ್ತು, ನನಗೂ ಗೊತ್ತು. ಇದೇ ಲೆಕ್ಕವನ್ನು ಸಮುದ್ರದ ಮೇಲೆ ಹಾಕಲು ಹೋಗಿ ನಾನು ಕೆಲಸ ಕಳಕೊಂಡೆ ಸ್ವಾಮಿ!

ನಗಬೇಡಿ. ಟೈಟಲ್ ಕಾರ್ಡಿನಲ್ಲಿ 'ಸಹಾಯಕ ನಿರ್ದೇಶನ' ಅನ್ನುವ ಸಾಲಿನ ಕೆಳಗೆ ಬರಬೇಕಾಗಿದ್ದ ನನ್ನ ಹೆಸರು ಹಡಗಿನ ರೂಮುಗಳ ದೆಸೆಯಿಂದ ಹಾರಿಹೋಯಿತು. ಚಿತ್ರ ಯಾವುದು, ನಾಯಕಿ ಯಾರು, ಹಡಗು ಯಾವುದು ಅಂತ ಕೇಳಬೇಡಿ. ಅವರ ತಪ್ಪು ಏನೂ ಇಲ್ಲ. ತಪ್ಪೆಲ್ಲ ನನ್ನದೇ.

2022ರ ನವೆಂಬರ್. ಮುಂಬಯಿಯಿಂದ ಸಂಜೆ ಹೊರಟು, ಮಾರನೆಯ ದಿನ ಗೋವಾ ಮುಟ್ಟಿ, ಮತ್ತೆ ಮುಂಬಯಿಗೆ ವಾಪಸು ಬರುವ ಕ್ರೂಸ್ ಹಡಗು. ಅದರಲ್ಲಿ ನಮ್ಮದೊಂದು ಹಾಡು. ಆ ಹಾಡಿನ ಪ್ರಾಣವೆಲ್ಲ ಒಂದೇ ಶಾಟಿನಲ್ಲಿ. ನಾಯಕಿ ತನ್ನ ರೂಮಿನ ಬಾಲ್ಕನಿ ಬಾಗಿಲು ಸರಿಸಿ ಹೊರಗೆ ಬರುತ್ತಾಳೆ, ಎದುರಿಗೆ ಉದಯಸೂರ್ಯ! ನಮ್ಮ ನಿರ್ದೇಶಕರು ಈ ಶಾಟನ್ನು ವಿವರಿಸುವಾಗ ಪ್ರತಿಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹದಿನಾಲ್ಕು ಜನರ ಯೂನಿಟ್ಟಿಗೆ ರೂಮು ಹಿಡಿಯುವ ಕೆಲಸ ನನ್ನ ತಲೆಗೆ ಬಂತು. "ನೀನೇ ನೋಡ್ಕೊಳಯ್ಯ" ಅಂತ ಪ್ರೊಡಕ್ಷನ್ ಮ್ಯಾನೇಜರ್ ಲಿಸ್ಟು ಕೊಟ್ಟು ಹೋದರು.

ಹಡಗಿನಲ್ಲಿ ರೂಮುಗಳು ಸಾಮಾನ್ಯವಾಗಿ ನಾಲ್ಕು ಜಾತಿ. ಒಳಗಿನ ರೂಮು: ನಾಲ್ಕೂ ಕಡೆ ಗೋಡೆ, ಕಿಟಕಿ ಇಲ್ಲ, ಬಾಡಿಗೆ ಕಮ್ಮಿ. ಕಿಟಕಿ ರೂಮು: ಗಾಜಿನಾಚೆ ಸಮುದ್ರ ಕಾಣುತ್ತದೆ, ಗಾಜು ತೆಗೆಯಲು ಬರುವುದಿಲ್ಲ. ಬಾಲ್ಕನಿ ರೂಮು: ಎರಡು ಕುರ್ಚಿ ಹಾಕುವಷ್ಟು ಸ್ವಂತ ಜಗಲಿ. ಅದರ ಮೇಲೆ ಸೂಟ್, ಅದು ಸಾಹುಕಾರರಿಗೆ. ನಾನು ಥಿಯೇಟರ್ ಲೆಕ್ಕ ಹಾಕಿದೆ. ನಾಯಕಿಗೆ ಎಲ್ಲಕ್ಕಿಂತ ಮೇಲಿನ ಬಾಲ್ಕನಿ, ಹಡಗಿನ ಮೂತಿಯ ಹತ್ತಿರ, ಬಲಗಡೆ. ಡಾನ್ಸ್ ಮಾಸ್ಟರಿಗೆ ರಾತ್ರಿ ಕುಣಿಯುವ ಹಾಲಿನ ಕೆಳಗಿನ ರೂಮು. ರಿಹರ್ಸಲಿಗೆ ಹತ್ತಿರವಾಗಲಿ ಅಂತ! ನಿರ್ಮಾಪಕರಿಗೆ ಈಜುಕೊಳದ ಕೆಳಗಿನ ಮಾಳಿಗೆ. ಮೇಕಪ್ ಅಕ್ಕನಿಗೆ ಕೆಳಗೆಲ್ಲೋ ನಡುವೆ ಒಂದು ಕಿಟಕಿ ರೂಮು, ಅದು ಉಳಿದಿತ್ತು ಅಂತ. ನನಗೂ ಮೂವರು ಲೈಟ್ ಬಾಯ್‌ಗಳಿಗೂ ಒಂದು ಒಳಗಿನ ರೂಮು, ಮೇಲೆರಡು ಕೆಳಗೆರಡು ಮಂಚ. ಸಿನಿಮಾದವರಿಗೆ ಹೇಳಿ ಮಾಡಿಸಿದ ಹಾಗೆ ಹಂಚಿದ್ದೇನೆ ಅಂತ ನನಗೆ ಒಳಗೊಳಗೇ ಹೆಮ್ಮೆ.

ಮೊದಲ ರಾತ್ರಿಯೇ ಹೆಮ್ಮೆ ಇಳಿಯಿತು. ಅಲೆ ದೊಡ್ಡದೇನಲ್ಲ, ಆದರೂ ಮೂತಿಯ ತುದಿಯಲ್ಲಿದ್ದ ನಾಯಕಿಗೆ ಹೊಟ್ಟೆ ತೊಳಸಿ ವಾಂತಿ. ಡಾನ್ಸ್ ಮಾಸ್ಟರು ರಾತ್ರಿ ಎರಡು ಗಂಟೆಗೆ ಬಂದು ಬಾಗಿಲು ಬಡಿದರು. "ಸದ್ದಾದರೆ ಆಗಲಿ ಅಂತ ಸಹಿಸಬಹುದು ಕಣಯ್ಯ. ಮೇಲೆ ಅಷ್ಟೂ ಜನ ತಾಳ ತಪ್ಪಿ ಕುಣೀತಾ ಇದ್ದಾರೆ! ನಾನು ಹೇಗೆ ಮಲಗ್ಲಿ?" ನಿರ್ಮಾಪಕರಿಗೆ ಕೋಳಿ ಕೂಗುವ ಹೊತ್ತಿಗೆ ನೆತ್ತಿಯ ಮೇಲೆ ಕುರ್ಚಿ ಎಳೆಯುವ ಸದ್ದು, ಈಜುಕೊಳದ ಸುತ್ತ ಗುಡಿಸುವವರು ಕುರ್ಚಿಗಳನ್ನು ಸರಿಸುತ್ತಿದ್ದರು.

ಇದೆಲ್ಲ ಹೋಗಲಿ ಅನ್ನಿ. ಆರೂವರೆ ಸುಮಾರಿಗೆ ನಿರ್ದೇಶಕರು ನಾಯಕಿಯ ಬಾಲ್ಕನಿ ಬಾಗಿಲು ಸರಿಸಿ ನಿಂತರು. ಸೂರ್ಯ ಎಲ್ಲಿ? ಎದುರಿಗೆ ಬೂದಿ ಬಣ್ಣದ ಸಮುದ್ರ, ಅದರ ಮೇಲೆ ನಮ್ಮ ಹಡಗಿನದೇ ಉದ್ದನೆಯ ನೆರಳು. ಸೂರ್ಯ ಬೆನ್ನ ಹಿಂದೆ, ಎಡಗಡೆಯ ರೂಮಿನವರಿಗೆ ಹುಟ್ಟುತ್ತಿದ್ದ! ಮುಂಬಯಿಯಿಂದ ಗೋವಾಕ್ಕೆ ಹಡಗು ಹೋಗುವುದು ದಕ್ಷಿಣಕ್ಕೆ. ಬಲಗಡೆ ಅಂದರೆ ಪಡುವಣ. ನಾಲ್ಕನೇ ಕ್ಲಾಸಿನ ಹುಡುಗನಿಗೂ ಗೊತ್ತಿರುವ ದಿಕ್ಕು ನನಗೆ ಹೊಳೆದಿರಲಿಲ್ಲ. ನಿರ್ದೇಶಕರು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಂಗಳೂರಿನ ಹುಡುಗ ಹೇಳಿದ ಪಾಠ

ನಮ್ಮ ರೂಮಿನ ಹಾಸಿಗೆ ಹಾಸಲು ಬರುತ್ತಿದ್ದ ಹುಡುಗ ಮಂಗಳೂರು ಕಡೆಯವನು. ಆ ಕರಾವಳಿಯ ಹುಡುಗರು ಇಂಥ ಹಡಗುಗಳಲ್ಲಿ ಬಹಳ ಮಂದಿ ಇದ್ದಾರೆ. ಕನ್ನಡ ಕೇಳಿದ್ದೇ ಅವನ ಮುಖ ಅರಳಿತು. ನನ್ನ ಕತೆ ಹೇಳಿದೆ. ನಗು ತಡೆದುಕೊಂಡ.

"ಎಂತ ಸಾರ್ ನೀವು! ಟಿಕೆಟ್ ಮಾಡುವಾಗ ಹಡಗಿನ ನಕ್ಷೆ ನೋಡ್ಲಿಲ್ವಾ?"

"ನಕ್ಷೆ ಏನಕ್ಕೆ? ರೇಟು ನೋಡಿದೆ."

"ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಆಗುಂಬೆ ಘಾಟಿ ಇಳಿದಿದ್ದೀರಾ? ಹೊಟ್ಟೆ ಎಂತಾಗ್ತದೆ? ನಡು ಸೀಟಲ್ಲಿ ಕೂತ್ರೆ ಅಷ್ಟಾಗುದಿಲ್ಲ ಅಲ್ವಾ? ಹಡಗೂ ಹಾಗೇ. ಮೂತಿ ಏರ್ತದೆ, ಬಾಲ ಇಳೀತದೆ. ನಡು ಅಲ್ಲಾಡುದು ಕಮ್ಮಿ."

"ಮೇಲಿನ ಮಾಳಿಗೆ ಆದರೇನು?"

"ತೆಂಗಿನ ಮರ ಗಾಳಿಗೆ ತೂಗುವಾಗ ಬುಡ ತೂಗ್ತದಾ ಸಾರ್, ತುದಿಯಾ?"

ಇಷ್ಟೇ ನೋಡಿ. ದೊಡ್ಡ ಹಡಗುಗಳ ಹೊಟ್ಟೆಯ ಎರಡೂ ಬದಿಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರುಗಳಿರುತ್ತವೆ, ಅವು ಅಕ್ಕಪಕ್ಕದ ಓಲಾಟವನ್ನು ಬಹಳ ಮಟ್ಟಿಗೆ ತಡೆಯುತ್ತವೆ. ಆದರೆ ಮೂತಿ ಬಾಲಗಳ ಏರಿಳಿತಕ್ಕೆ ಅವುಗಳಿಂದ ಹೆಚ್ಚು ಉಪಯೋಗವಿಲ್ಲ. ಹೊಟ್ಟೆ ಸೂಕ್ಷ್ಮವಾಗಿದ್ದವರಿಗೆ ಕೆಳಗಿನ ಮಾಳಿಗೆ, ಹಡಗಿನ ನಡುಭಾಗ. ಅಂದರೆ ನಾನು ಮೇಕಪ್ ಅಕ್ಕನಿಗೆ 'ಉಳಿದಿತ್ತು' ಅಂತ ಕೊಟ್ಟ ಅಗ್ಗದ ರೂಮೇ ನಾಯಕಿಗೆ ಕೊಡಬೇಕಾಗಿದ್ದ ರೂಮು!

ಹುಡುಗ ಸದ್ದಿನ ಗುಟ್ಟನ್ನೂ ಹೇಳಿದ. ನಕ್ಷೆಯಲ್ಲಿ ನಿಮ್ಮ ರೂಮಿನ ಮೇಲಿನ ಮಾಳಿಗೆ, ಕೆಳಗಿನ ಮಾಳಿಗೆ ಎರಡನ್ನೂ ನೋಡಬೇಕು. ಮೇಲೂ ರೂಮು, ಕೆಳಗೂ ರೂಮು ಇದ್ದರೆ ನಿದ್ದೆ ಗ್ಯಾರಂಟಿ. ಮೇಲೆ ಈಜುಕೊಳ, ಊಟದ ಹಾಲು ಅಥವಾ ಡಾನ್ಸ್ ಹಾಲು ಇದ್ದರೆ ಆಸೆ ಬಿಡಿ. ಮೂತಿಯ ಕೆಳಗಿನ ರೂಮಿನವರಿಗೆ ಬಂದರು ಬಂದಾಗ ಲಂಗರಿನ ಸರಪಳಿಯ ಗಲಾಟೆ. ಬಾಲದ ಕಡೆ ಎಂಜಿನ್ನಿನ ಅದುರು. ಎರಡು ರೂಮುಗಳ ನಡುವೆ ಬಾಗಿಲಿದ್ದರೆ ಪಕ್ಕದವರ ಜಗಳ, ಗೊರಕೆ ಎರಡೂ ಉಚಿತ. ನಕ್ಷೆಯಲ್ಲಿ ಏನೂ ಬರೆಯದೆ ಖಾಲಿ ಬಿಟ್ಟ ಜಾಗ ಕಂಡರೆ ಅದು ಅಡುಗೆ ಸಾಮಾನು ಎಳೆದಾಡುವ ಜಾಗವೂ ಆಗಿರಬಹುದು. 'ಕಿಟಕಿಗೆ ಅಡ್ಡವಿದೆ' ಅಂತ ಸಣ್ಣಕ್ಷರದಲ್ಲಿ ಬರೆದು ರೇಟು ಇಳಿಸಿದ್ದರೆ ನಿಮ್ಮ ಗಾಜಿನಾಚೆ ಸಮುದ್ರವಿರುವುದಿಲ್ಲ, ನೇತುಹಾಕಿದ ಜೀವರಕ್ಷಕ ದೋಣಿಯ ಹೊಟ್ಟೆ ಇರುತ್ತದೆ!

"ನಿನ್ನ ರೂಮು ಎಲ್ಲಯ್ಯ?" ಅಂದೆ.

"ಕೆಳಗೆ ಸಾರ್, ನೀರಿನ ಮಟ್ಟದಲ್ಲಿ. ಇಬ್ಬರು ಇದ್ದೇವೆ. ಹಡಗಲ್ಲಿ ಅಲ್ಲಾಡುದು ತುಂಬ ಕಮ್ಮಿ ನಮ್ಮ ರೂಮೇ." ಸ್ವಲ್ಪ ಸುಮ್ಮನಿದ್ದು ಅಂದ: "ಕಿಟಕಿ ಇಲ್ಲ. ಹಗಲಾ ರಾತ್ರಿಯಾ ಅಂತ ಗಡಿಯಾರ ನೋಡಿಯೇ ತಿಳಿಯುದು. ಎಂಟು ತಿಂಗಳಾಯ್ತು, ಅಭ್ಯಾಸ ಆಗಿದೆ."

ಆಮೇಲೆ ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತ. "ಒಂದು ಮಾತು ಸಾರ್. ನಾಳೆ ಬೆಳಿಗ್ಗೆ ಹಡಗು ವಾಪಸ್ ಹೋಗುದಲ್ವಾ? ಉತ್ತರಕ್ಕೆ. ಬಲಗಡೆ ಯಾವ ದಿಕ್ಕಾಗ್ತದೆ?"

ಪೂರ್ವ! ಕುಣಿದಾಡಿಬಿಟ್ಟೆ. ಅದೇ ರೂಮು, ಅದೇ ಬಾಲ್ಕನಿ, ಸೂರ್ಯ ಈ ಸಲ ಎದುರಿಗೇ! ಓಡಿಹೋಗಿ ನಿರ್ದೇಶಕರಿಗೆ ಹೇಳಿದೆ. ನಾಯಕಿ ಆ ರಾತ್ರಿ ಮೇಕಪ್ ಅಕ್ಕನ ನಡು ರೂಮಿನಲ್ಲಿ ಮಲಗುವುದು, ಬೆಳಿಗ್ಗೆ ಶಾಟಿಗೆ ಮಾತ್ರ ಮೇಲೆ ಬರುವುದು ಅಂತ ಏರ್ಪಾಡಾಯಿತು. "ಐದಕ್ಕೆ ಎಲ್ಲರೂ ಹಾಜರಿರಬೇಕು" ಅಂದರು ನಿರ್ದೇಶಕರು. ಎರಡು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ್ದು.

ನಮ್ಮ ಒಳಗಿನ ರೂಮಿನಲ್ಲಿ ನಾಲ್ಕು ಜನಕ್ಕೆ ಒಂದೇ ಪ್ಲಗ್ ಪಾಯಿಂಟು. ಅದಕ್ಕೆ ಲೈಟಿನ ಬ್ಯಾಟರಿ ಹಾಕಿದ್ದೆವು. ನನ್ನ ಫೋನಿನಲ್ಲಿ ಅಲಾರಂ ಇಟ್ಟೆ. ಚಾರ್ಜು ಎಷ್ಟಿದೆ ಅಂತ ನೋಡಲಿಲ್ಲ. ಲೈಟ್ ಬಾಯ್‌ಗಳು ಮೂರೂವರೆಗೇ ಎದ್ದು ಸಾಮಾನು ಹೊತ್ತುಕೊಂಡು ಹೋದರಂತೆ, ಎರಡು ರಾತ್ರಿ ನಿದ್ದೆ ಇಲ್ಲದ ಸಾರು ಇನ್ನೂ ಸ್ವಲ್ಪ ಮಲಗಲಿ ಅಂತ ಕರುಣೆಯಿಂದ ದೀಪ ಆರಿಸಿ, ಬಾಗಿಲು ಮೆಲ್ಲಗೆ ಎಳಕೊಂಡು. ನಿಮ್ಮಲ್ಲಿ ಯಾರಾದರೂ ಹಡಗಿನ ಒಳರೂಮಿನಲ್ಲಿ ಮಲಗಿದ್ದೀರಾ? ಬಾವಿಯೊಳಗಿನ ಕತ್ತಲು ಅದು. ಬೆಳಕಿನ ಒಂದು ಎಳೆ ಇಲ್ಲ, ಹಕ್ಕಿ ಇಲ್ಲ, ಹಾಲಿನವನ ಸೈಕಲ್ ಬೆಲ್ಲಿಲ್ಲ. ದೇಹಕ್ಕೆ ಬೆಳಗಾಯಿತು ಅಂತ ಹೇಳುವವರು ಯಾರೂ ಇಲ್ಲ. ಎಚ್ಚರವಾದಾಗ ಇನ್ನೂ ನಡುರಾತ್ರಿ ಅಂದುಕೊಂಡು ಮಗ್ಗುಲಾದೆ. ಮತ್ತೆ ಎದ್ದು ಕಾರಿಡಾರಿಗೆ ಬಂದರೆ ಗಡಿಯಾರದಲ್ಲಿ ಒಂಬತ್ತೂಕಾಲು!

ಶಾಟ್ ಓಕೆ ಆಗಿತ್ತು. ಅದ್ಭುತವಾಗಿ ಬಂದಿದೆಯಂತೆ. ನಿರ್ದೇಶಕರು ಕಾಫಿ ಕುಡಿಯುತ್ತಿದ್ದರು. "ನಿದ್ದೆ ಆಯ್ತೇನಪ್ಪ?" ಅಂದರು. ಅಷ್ಟೇ. ಮುಂಬಯಿಯಲ್ಲಿ ಇಳಿದ ಮೇಲೆ ಆ ಆಫೀಸಿನಿಂದ ನನಗೆ ಫೋನು ಬರಲಿಲ್ಲ.

ಜ್ಯಾಕ್ ಮಲಗಿದ ಜಾಗ

ಎಡಬಲ ತಪ್ಪಿದವನು ನಾನೊಬ್ಬನೇ ಅಲ್ಲ ಅಂತ ಸಮಾಧಾನಕ್ಕೆ ಹೇಳುತ್ತೇನೆ. 1997ರ 'ಟೈಟಾನಿಕ್' ಚಿತ್ರಕ್ಕೆ ಜೇಮ್ಸ್ ಕ್ಯಾಮರೂನ್ ಮೆಕ್ಸಿಕೋದ ರೊಸಾರಿತೋದಲ್ಲಿ ಹಾಕಿಸಿದ ಹಡಗಿನ ಸೆಟ್ಟು ಪೂರ್ತಿಯಾಗಿದ್ದದ್ದು ಬಲಗಡೆ ಮಾತ್ರ. ಆದರೆ ಸೌತಾಂಪ್ಟನ್ ಬಂದರಿನಲ್ಲಿ ಹಡಗು ಕಟ್ಟೆಗೆ ಒರಗಿದ್ದು ಎಡಗಡೆ. ಏನು ಮಾಡಿದರು ಗೊತ್ತೇ? ಬೋರ್ಡಿನ ಅಕ್ಷರಗಳನ್ನೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಸಿ, ಶೂಟ್ ಮಾಡಿ, ಆಮೇಲೆ ಚಿತ್ರವನ್ನೇ ಎಡದಿಂದ ಬಲಕ್ಕೆ ತಿರುವಿದರು! ಅವರಿಗೆ ಹಡಗನ್ನೇ ತಿರುವುವ ದುಡ್ಡಿತ್ತು. ನಮ್ಮ ನಿರ್ಮಾಪಕರಿಗೆ ಗೋವಾದಲ್ಲಿ ಇನ್ನೊಂದು ದಿನ ನಿಲ್ಲುವ ದುಡ್ಡೂ ಇರಲಿಲ್ಲ.

ಆ ಚಿತ್ರದಲ್ಲಿ ರೋಸ್ ಇರುವುದು ಬಿ ಡೆಕ್ಕಿನ 52, 54, 56 ಸೇರಿದ ಸೂಟಿನಲ್ಲಿ. 1912ರ ನಿಜವಾದ ಟೈಟಾನಿಕ್ಕಿನಲ್ಲಿ ಅಲ್ಲಿದ್ದವರು ಹಡಗು ಕಂಪನಿಯ ಮುಖ್ಯಸ್ಥ ಬ್ರೂಸ್ ಇಸ್ಮೇ. ಅವರು ಬದುಕಿ ಬಂದರು. ಮೂರನೇ ದರ್ಜೆಯ ಒಂಟಿ ಗಂಡಸರನ್ನು ಹಾಕಿದ್ದು ಮೂತಿಯ ಕೆಳಗೆ. ಸಂಸಾರಸ್ಥರು ಮತ್ತು ಒಂಟಿ ಹೆಂಗಸರು ಅಲ್ಲಿಂದ ಬಹುದೂರ, ಬಾಲದ ಕಡೆ. ಸುಮಾರು ಏಳುನೂರು ಜನರ ಮೂರನೇ ದರ್ಜೆಗೆ ಸ್ನಾನದ ತೊಟ್ಟಿ ಎರಡೇ, ಗಂಡಸರಿಗೊಂದು ಹೆಂಗಸರಿಗೊಂದು. ಏಪ್ರಿಲ್ 14ರ ರಾತ್ರಿ 11.40ಕ್ಕೆ ಮಂಜುಗಡ್ಡೆ ತಾಗಿದ್ದು ಮೂತಿಯ ಬಲಗಡೆಗೆ. ಮೊದಲು ನೀರು ಕಂಡವರಲ್ಲಿ ಆ ಒಂಟಿ ಹುಡುಗರೂ ಇದ್ದರು. ಮೊದಲ ದರ್ಜೆಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಉಳಿದರು. ಮೂರನೇ ದರ್ಜೆಯಲ್ಲಿ ಇಪ್ಪತ್ತೈದರ ಆಸುಪಾಸು. ರೂಮು ಎಲ್ಲಿ ಅನ್ನುವುದು ಆಗ ಜೀವದ ಪ್ರಶ್ನೆಯಾಗಿತ್ತು. ಈಗ ಹಾಗಲ್ಲ, ದುಡ್ಡು ಕೊಟ್ಟವನಿಗೂ ಕೊಡದವನಿಗೂ ದೋಣಿಯಲ್ಲಿ ಜಾಗ ಇರಲೇಬೇಕು. ತೊಂದರೆಯಾದರೆ ಎಲ್ಲಿ ಸೇರಬೇಕು ಅಂತ ಮೊದಲ ದಿನವೇ ತಿಳಿಸುತ್ತಾರೆ. ಆ ಹೊತ್ತಿನಲ್ಲಿ ಸೆಲ್ಫಿ ತೆಗೆಯುತ್ತಾ ನಿಲ್ಲಬೇಡಿ.

ಹಿಂದಿಯ 'ದಿಲ್ ಧಡಕ್‌ನೇ ದೋ' (2015) ನೋಡಿ ಹಡಗಿನ ಕನಸು ಕಂಡವರೂ ಇದ್ದೀರಿ. ಆ ಚಿತ್ರ ತೆಗೆದ 'ಸಾವರಿನ್' ಹಡಗನ್ನು 2020ರಲ್ಲಿ ಟರ್ಕಿಯ ದಡಕ್ಕೆ ತಂದು ಒಡೆದುಹಾಕಿದರು. 2011ರಲ್ಲಿ ಬಂದ 'ಡಿಸ್ನಿ ಡ್ರೀಮ್' ಹಡಗಿನವರು ಕಿಟಕಿಯಿಲ್ಲದ ರೂಮಿನ ಗೋಡೆಗೆ ದುಂಡನೆಯ ಪರದೆ ಕೂರಿಸಿ, ಹೊರಗಿನ ಕ್ಯಾಮರಾದಿಂದ ನೇರ ಸಮುದ್ರ ತೋರಿಸಿದರು. ಸಿನಿಮಾ ಬುದ್ಧಿ ಅಂದರೆ ಅದು! ಅಂಥದ್ದೊಂದು ನನ್ನ ರೂಮಿನಲ್ಲಿದ್ದಿದ್ದರೆ ಆರೂವರೆಗೆ ಗೋಡೆಯಾದರೂ ಕೆಂಪಾಗುತ್ತಿತ್ತು.

ನೀವು ಒಬ್ಬರೇ ಹೋಗುವ ಯೋಚನೆಯಲ್ಲಿದ್ದರೆ ಜೇಬು ಗಟ್ಟಿ ಹಿಡಿದುಕೊಳ್ಳಿ. ಹಡಗಿನ ರೇಟು ತಲೆಗೆ ಇಷ್ಟು ಅಂತ ಇದ್ದರೂ ರೂಮಿಗೆ ಇಬ್ಬರು ಅಂತಲೇ ಲೆಕ್ಕ. ಒಬ್ಬರೇ ಇದ್ದರೆ ಎಷ್ಟೋ ಕಡೆ ಇಬ್ಬರ ದುಡ್ಡು ಕೀಳುತ್ತಾರೆ. ಗೆಳೆಯರು ಮೂರು ನಾಲ್ಕು ಜನ ಸೇರಿದರೆ ಒಳಗಿನ ರೂಮು ಅಗ್ಗ, ಹಗಲೆಲ್ಲ ಡೆಕ್ಕಿನ ಮೇಲೇ ಇರುತ್ತೀರಿ ತಾನೆ? ಅಲಾರಂ ಗಡಿಯಾರ ಒಂದು ತಗೊಂಡು ಹೋಗಿ. 'ರೂಮು ನಂಬರು ಆಮೇಲೆ ಕೊಡ್ತೀವಿ' ಅಂತ ಕಮ್ಮಿ ರೇಟಿಗೆ ಕೊಡುವ ಟಿಕೆಟ್ಟೂ ಇದೆ. ಅದು ಲಾಟರಿ. ಹೊಟ್ಟೆ ಗಟ್ಟಿ ಇದ್ದವರು ಆಡಬಹುದು.

ಹೋದ ವರ್ಷ ಜನವರಿಯಲ್ಲಿ ಅಮ್ಮನನ್ನು ಮುಂಬಯಿಯಿಂದ ಕೊಚ್ಚಿಗೆ ಕರಕೊಂಡು ಹೋದೆ. ಮೂರು ವರ್ಷ ಕೂಡಿಟ್ಟ ದುಡ್ಡು. ಈ ಸಲ ನಕ್ಷೆ ಹಾಸಿಕೊಂಡು ಕೂತು, ಕೆಳಗಿನ ಮಾಳಿಗೆಯಲ್ಲಿ ನಟ್ಟನಡುವೆ, ಮೇಲೂ ಕೆಳಗೂ ರೂಮುಗಳೇ ಇರುವ ಕಿಟಕಿ ರೂಮು ಹಿಡಿದೆ. ಎಡಗಡೆ. ದಕ್ಷಿಣಕ್ಕೆ ಹೋಗುವಾಗ ನಮ್ಮ ಕರಾವಳಿ ಆ ಕಡೆಯೇ ತಾನೆ? ಅಮ್ಮನ ತವರು ಹೊನ್ನಾವರ. ರಾತ್ರಿ ಎಷ್ಟು ಹೇಳಿದರೂ ಮಲಗದೆ ಗಾಜಿಗೆ ಹಣೆ ಹಚ್ಚಿ ಕೂತಿದ್ದಳು. ದೂರದಲ್ಲಿ ಮೀನು ದೋಣಿಗಳ ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಹೊನ್ನಾವರ ದಾಟಿತೇನೋ?"

"ಇನ್ನೂ ಇಲ್ಲಮ್ಮ." ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ.

"ಈ ಕಿಟಕಿ ತೆಗೆಯೋಕೆ ಬರೂದಿಲ್ವಾ? ಗಾಳಿ ಬೇಕಿತ್ತು."

ಬಾಲ್ಕನಿಗೆ ದುಡ್ಡು ಸಾಲದೆ ಹೋಗಿತ್ತು. ಅಮ್ಮನಿಗೆ ಶಾಲು ಹೊದಿಸಿ, ಲಿಫ್ಟಿನಲ್ಲಿ ಮೇಲಿನ ಡೆಕ್ಕಿಗೆ ಕರಕೊಂಡು ಹೋದೆ. ಕಟಕಟೆ ಹಿಡಿದು ನಿಂತಳು. ಆ ದೀಪಗಳ ಕಡೆ ಕೈ ತೋರಿಸಿ ಯಾವುದು ಯಾವ ಊರು ಅಂತ ಒಂದೊಂದಾಗಿ ಹೇಳತೊಡಗಿದಳು. ಅವೆಲ್ಲ ದೋಣಿಗಳು ಅಂತ ನಾನು ಹೇಳಲಿಲ್ಲ.